ನೀರು ಬಿಡುವವನ ಮಗಳು

ನನ್ನ ಮಗಳು ಶಾಲೆಯಲ್ಲಿ ನೀರು ಕುಡಿಯುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ದೊಡ್ಡಬಳ್ಳಾಪುರದ ಒಬ್ಬ ಡಾಕ್ಟರಮ್ಮನ ಎದುರಿಗೆ ಕೂತಾಗ. ಆಗ ಅವಳು ಆರನೇ ಕ್ಲಾಸು. ಎರಡು ದಿನದಿಂದ ಜ್ವರ, ಕಿಬ್ಬೊಟ್ಟೆಯಲ್ಲಿ ನೋವು, ಮೂತ್ರಕ್ಕೆ ಹೋದರೆ ಉರಿ. ಇದನ್ನೆಲ್ಲ ಅವಳು ಹೇಳಿಕೊಂಡದ್ದು ಅವಳಮ್ಮನ ಹತ್ತಿರ. ನನ್ನ ಹೆಂಡತಿ ನನಗೆ ಹೇಳಿದ್ದು "ಗಾಡಿ ತೆಗೀರಿ, ಆಸ್ಪತ್ರೆಗೆ ಹೋಗ್ಬೇಕು" ಎಂಬ ಒಂದೇ ಮಾತು. ಮಗಳನ್ನು ನಡುವೆ ಕೂರಿಸಿಕೊಂಡು ಮೂವರೂ ಬೈಕಿನಲ್ಲಿ ತೂಬಗೆರೆ ದಾಟಿ ಹೋದೆವು.

ಡಾಕ್ಟರಮ್ಮ ಮಗಳನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿ, ಬಂದು ಕೂತು ಕೇಳಿದರು.

"ದಿನಕ್ಕೆ ಎಷ್ಟು ಲೋಟ ನೀರು ಕುಡೀತೀಯಮ್ಮ?"

"ಬೆಳಿಗ್ಗೆ ಅರ್ಧ ಲೋಟ. ಆಮೇಲೆ ಸಾಯಂಕಾಲ ಮನೆಗ್ ಬಂದ್ಮೇಲೆ."

"ಸ್ಕೂಲಲ್ಲಿ?"

"ಕುಡಿಯಲ್ಲ."

"ಯಾಕೆ, ಕುಡಿಯೋ ನೀರಿಲ್ವಾ?"

"ಕ್ಯಾನಲ್ಲಿ ತಂದಿಟ್ಟಿರ್ತಾರೆ. ಕುಡಿದ್ರೆ ಹೋಗಬೇಕಾಗುತ್ತೆ. ಟಾಯ್ಲೆಟ್ಟಿಗೆ ಬೀಗ ಹಾಕಿದಾರೆ, ನೀರ್ ಬರಲ್ಲ ಅಂತ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಇಡೀ ದಿನ ತಡೆದುಕೊಂಡು ತಡೆದುಕೊಂಡು ಸೋಂಕಾಗಿದೆ, ಮಾತ್ರೆಗೆ ವಾಸಿಯಾಗುತ್ತದೆ, ಆದರೆ ಹೀಗೇ ನಡೆದರೆ ಮತ್ತೆ ಮತ್ತೆ ಬರುತ್ತದೆ ಎಂದು ವಿವರಿಸಿ, ಚೀಟಿ ಬರೆಯುತ್ತಾ "ನೀವೇನು ಕೆಲಸ ಮಾಡ್ಕೊಂಡಿದೀರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಹೇಳಿದಳು. "ಊರಿಗೆಲ್ಲ ನೀರು ಬಿಡೋದು ಇವ್ರೇ ಮೇಡಂ."

ಡಾಕ್ಟರಮ್ಮ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಚೀಟಿ ಹರಿದು ನನ್ನ ಕೈಗೆ ಕೊಟ್ಟು ಮುಂದಿನವರನ್ನು ಕರೆದರು.

ನಾನು ಪಂಚಾಯ್ತಿಯ ವಾಟರ್‌ಮ್ಯಾನ್. ವಯಸ್ಸಾದವರು ಈಗಲೂ ನೀರುಗಂಟಿ ಎಂದೇ ಕರೆಯುತ್ತಾರೆ. ಹಿಂದಿನ ನೀರುಗಂಟಿಗಳು ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದರು. ನಾನು ಬೋರ್‌ವೆಲ್ಲಿನ ಮೋಟಾರು ಹಾಕಿ, ಊರಿನ ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ಒಂದೊಂದು ಬೀದಿಯ ವಾಲ್ವನ್ನೂ ಸರದಿಯಂತೆ ತಿರುಗಿಸಿ ನಲ್ಲಿಗಳಿಗೆ ನೀರು ಬಿಡುತ್ತೇನೆ. ಅದಕ್ಕೆಂದೇ ಸೊಂಟದೆತ್ತರದ ಒಂದು ಕಬ್ಬಿಣದ ಕೀ ಇದೆ. ನೆಲದೊಳಗಿನ ಗುಂಡಿಯಲ್ಲಿರುವ ವಾಲ್ವಿನ ತಲೆಗೆ ಅದನ್ನು ಸಿಕ್ಕಿಸಿ, ಮೇಲಿನ ಅಡ್ಡ ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸಬೇಕು. ಅದನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನ ಜಾವ ಬೀದಿಯಲ್ಲಿ ನಡೆದರೆ ನಾಯಿಗಳು ಕೂಡ ದಾರಿ ಬಿಡುತ್ತವೆ. ಪಿಯುಸಿಯನ್ನು ಎರಡು ಸಲ ಬರೆದು ಎರಡು ಸಲವೂ ಇಂಗ್ಲಿಷಿನಲ್ಲಿ ಬಿದ್ದವನಿಗೆ ಊರಿನಲ್ಲಿ ಇಷ್ಟು ಗೌರವ ಸಿಕ್ಕಿದ್ದು ಈ ಕೀಯಿಂದಲೇ. ಹಾಗಾಗಿ ನನಗೆ ಸ್ವಲ್ಪ ಜಂಬವಿತ್ತು, ಇಲ್ಲ ಎನ್ನುವುದಿಲ್ಲ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಯಾವ ಪುಸ್ತಕದಲ್ಲೂ ಬರೆದಿಲ್ಲದ ಪದ್ಧತಿ. ನೀರು ಬಿಟ್ಟವನಿಗೆ ನೀರು ತಲುಪಿದ್ದು ತಿಳಿಯುವುದು ಬೈಗುಳದಿಂದ. ಮೇಲಿನ ಬೀದಿಯ ವಾಲ್ವ್ ತೆಗೆದು ಹತ್ತು ನಿಮಿಷದೊಳಗೆ ಕೊನೆಯ ಮನೆಯ ನಲ್ಲಿಗೆ ನೀರು ಬರದಿದ್ದರೆ ಅಲ್ಲಿಂದ ಒಂದು ಹೆಣ್ಣುಗಂಟಲು ಏಳುತ್ತದೆ. "ಏನಪ್ಪಾ, ನಮ್ಮನೆ ನಲ್ಲಿ ಏನು ಪಾಪ ಮಾಡಿತ್ತು? ಅವರ ಮನೆಗಾದ್ರೆ ಧೋ ಅಂತ ಬಿಡ್ತೀಯಾ!" ನಾನು ಇನ್ನೊಂದು ಸುತ್ತು ತಿರುಗಿಸುತ್ತೇನೆ. ಗಂಟಲು ಸುಮ್ಮನಾದರೆ ನೀರು ತಲುಪಿತು ಎಂದು ಅರ್ಥ. ಊರಿನ ಪ್ರತಿಯೊಂದು ಬೀದಿಯಲ್ಲೂ ಹೀಗೆ ಬೈಯುವವರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಲ್ಲದಿದ್ದರೆ ನನ್ನ ಕೆಲಸ ನಡೆಯುವುದಿಲ್ಲ.

ಶಾಲೆಯದು ಮಾತ್ರ ಬೇರೆ ಕತೆ. ನಮ್ಮೂರಿನ ಸರ್ಕಾರಿ ಶಾಲೆ ಊರಿನ ಹೊರಗೆ ದಿಣ್ಣೆಯ ಮೇಲಿದೆ. ಅದರ ವಾಲ್ವ್ ಕಾಂಪೌಂಡಿನ ಹೊರಗೆ, ರಸ್ತೆಯ ಪಕ್ಕದಲ್ಲಿ. ದಿನಾ ಬೆಳಿಗ್ಗೆ ಆರಕ್ಕೆ ನಾನು ಅದನ್ನು ತೆಗೆದು, ಪಕ್ಕದ ಕಲ್ಲಿನ ಮೇಲೆ ಕೂತು ಇಪ್ಪತ್ತು ನಿಮಿಷ ಮೊಬೈಲು ನೋಡಿ, ಮುಚ್ಚಿ ಹೋಗುತ್ತಿದ್ದೆ. ಆ ಹೊತ್ತಿನಲ್ಲಿ ಗೇಟಿಗೆ ಬೀಗ. ಒಳಗೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಬೈಯುವವರು ಯಾರೂ ಇಲ್ಲದ ಮೇಲೆ ಎಲ್ಲವೂ ಸರಿಯಾಗಿದೆ ಎಂದೇ ನನ್ನ ಲೆಕ್ಕ.

ಬೈಯಲಿಲ್ಲ ಎನ್ನುವುದೂ ಸುಳ್ಳು. ಶಾಲೆಯ ಹೆಡ್ ಮೇಡಂ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದ್ದರು. ಆಕೆ ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಬಂದು ಹೋಗುವವರು. "ಶಾಲೆಯ ಟ್ಯಾಂಕಿಗೆ ಒಂದು ತೊಟ್ಟು ನೀರು ಬರ್ತಿಲ್ಲ. ಪ್ಲಂಬರ್ ಕರೆಸಿ ತೋರಿಸಿದ್ದೀವಿ, ಟ್ಯಾಂಕು, ನಲ್ಲಿ ಎಲ್ಲ ಸರಿ ಇದೆ, ನೀರೇ ಬಿಡ್ತಿಲ್ಲ ಅಂದ" ಎಂದರು. ನನಗೆ ಉರಿದುಹೋಯಿತು. ದೇವರ ಮೇಲೆ ಆಣೆ ಇಟ್ಟೆ. ಅದು ಸಾಲದೆಂದು ಎಲ್ಲರಿಗೂ ಕೇಳುವಂತೆ ಇನ್ನೊಂದು ಮಾತೂ ಆಡಿದೆ.

"ಶಾಲೆ ಮುಂದಿರೋ ಮೂರು ತೆಂಗಿನ ಸಸಿ ನೋಡ್ಕೊಂಡ್ ಬನ್ನಿ. ಈ ಬಿಸಿಲಲ್ಲಿ ಊರೆಲ್ಲಾ ಒಣಗಿದ್ರೂ ಅವು ಹೆಂಗ್ ನಳನಳಿಸ್ತಾವೆ? ನಾನ್ ಬಿಟ್ಟ ನೀರು ಅದು. ಮಕ್ಕಳಿಗೆ ಕೊಡೋದ್ ಬಿಟ್ಟು ಗಿಡಕ್ಕೆ ಹುಯ್ಕೊಂಡು, ಇಲ್ಲಿ ಬಂದು ನನ್ ಮೇಲೆ ಹೇಳ್ತಾರೆ."

ಸಭೆ ಗೊಳ್ಳೆಂದು ನಕ್ಕಿತು. ಮೇಡಂ ಮುಖ ಕೆಂಪಾಗಿ ಕೂತರು. ಅವತ್ತಿನಿಂದ ನಾವಿಬ್ಬರೂ ದಾರಿಯಲ್ಲಿ ಎದುರಾದರೆ ಆಕೆ ಮೊಬೈಲು ನೋಡುತ್ತಿದ್ದರು, ನಾನು ಆಕಾಶ ನೋಡುತ್ತಿದ್ದೆ.

ಆಸ್ಪತ್ರೆಯಿಂದ ಬಂದ ಸಂಜೆ ನನ್ನ ಹೆಂಡತಿ ಕಾಫಿ ಲೋಟವನ್ನು ಕೈಗೆ ಕೊಡದೆ ಜಗಲಿಯ ಮೇಲೆ ಕುಕ್ಕಿದಳು. ತೀರ್ಮಾನ ಆಗಲೇ ಆಗಿತ್ತು. ಅವಳ ಅಕ್ಕ ಹೊಸಕೋಟೆಯ ಹತ್ತಿರ ಪಿಲ್ಲಗುಂಪೆಯಲ್ಲಿದ್ದಾಳೆ. ಷಡ್ಡಕ ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಅವರ ಮನೆಯ ಹತ್ತಿರದ ಶಾಲೆಯಲ್ಲಿ ಟಾಯ್ಲೆಟ್ಟು ಚೆನ್ನಾಗಿದೆಯಂತೆ, ಕೈ ತೊಳೆಯಲು ಸಾಲಾಗಿ ನಲ್ಲಿಗಳಿವೆಯಂತೆ.

"ದಸರಾ ರಜೆ ಮುಗಿದ ತಕ್ಷಣ ಅಲ್ಲಿಗೆ ಸೇರಿಸ್ತೀನಿ. ರಜೆಗೆ ಮುಂಚೆ, ಬರೋ ಸೋಮವಾರ ಹೋಗಿ ಟಿ.ಸಿ. ಇಸ್ಕೊತೀನಿ. ಇನ್ನು ಎರಡು ವರ್ಷಕ್ಕೆ ದೊಡ್ಡೋಳಾಗ್ತಾಳೆ. ಆಗೇನ್ ಮಾಡ್ತೀರಿ? ತಿಂಗಳಿಗೆ ಐದು ದಿನ ಮನೇಲಿ ಕೂರಿಸ್ತೀರಾ?"

ನಮಗಿರುವುದು ಒಬ್ಬಳೇ ಮಗಳು. ಸಂಜೆ ನಾಲ್ಕೂವರೆಗೆ ಅವಳು ಚೀಲ ಬಿಸಾಡಿ "ಅಪ್ಪಾ, ತಿನ್ನೋಕೇನಿದೆ?" ಎಂದು ಕೂಗಿಕೊಂಡು ಬರದ ಮನೆಯನ್ನು ನೆನೆಸಿಕೊಳ್ಳುವುದೂ ನನ್ನಿಂದಾಗುತ್ತಿರಲಿಲ್ಲ. ಆದರೆ ಹೋಗಬೇಡ ಎನ್ನಲು ನನಗೆ ಯಾವ ಬಾಯಿ?

ಮಗಳು ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಕೂತು, ಉಳಿದ ಹುಡುಗಿಯರು ಏನು ಮಾಡುತ್ತಾರೆ ಎಂದು ಕೇಳಿದೆ.

"ಎಲ್ರೂ ಹಿಂಗೇನೆ. ಮುಂಚೆ ಹಿಂದ್ಗಡೆ ನೀಲಗಿರಿ ತೋಪಿತ್ತಲ್ಲ, ಅಲ್ಲಿಗ್ ಹೋಗ್ತಿದ್ವಿ. ಈಗ ಅದನ್ನ ಕಡಿದು ಲೇಔಟ್ ಮಾಡವ್ರೆ. ಬರೀ ಸೈಟ್ ಕಲ್ಲು. ಎಲ್ಲಾ ಕಾಣ್ಸುತ್ತೆ. ಊಟದ ಬೆಲ್ಲಿಗೆ ಮನೆ ಹತ್ರ ಇರೋರು ಮನೆಗ್ ಓಡ್ತಾರೆ. ನಮ್ಮನೆ ದೂರ."

"ನನಗ್ಯಾಕೆ ಹೇಳ್ಲಿಲ್ಲ ಮಗಾ?"

ಅವಳು ಗೋಡೆಯ ಕಡೆ ಹೊರಳಿದಳು. ಅಲ್ಲಿಂದಲೇ ಹೇಳಿದಳು.

"ಕ್ಲಾಸಲ್ಲಿ ಎಲ್ರೂ ನಿಮ್ಮಪ್ಪ ನೀರ್ ಬಿಡಲ್ಲ, ಸುಳ್ ಹೇಳ್ತಾರೆ ಅಂತಾರೆ. ನಾನು ಬಿಡ್ತಾರೆ ಅಂತ ಜಗಳ ಆಡ್ತೀನಿ. ನಾನೇ ಬಂದು ನೀರಿಲ್ಲ ಅಂತ ನಿಂಗ್ ಹೇಳಿದ್ರೆ, ಅವ್ರು ಹೇಳೋದೇ ನಿಜ ಅಂದಂಗಾಗಲ್ವಾ?"

ನಾನು ಎದ್ದು ಹೊರಗೆ ಬಂದೆ. ಹನ್ನೊಂದು ವರ್ಷದ ಮಗು ಅಪ್ಪನ ಮಾನ ಉಳಿಸುವುದಕ್ಕೆ ದಿನವಿಡೀ ಬಾಯಾರಿಕೊಂಡು ಕೂತಿತ್ತು. ಅಪ್ಪ ಸಭೆಯಲ್ಲಿ ತೆಂಗಿನ ಸಸಿ ತೋರಿಸಿ ಜನರನ್ನು ನಗಿಸಿ ಬಂದಿದ್ದ. ಅವತ್ತು ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಮಾರನೆಯ ಬೆಳಿಗ್ಗೆ ಆರಕ್ಕೆ ಎಂದಿನಂತೆ ಶಾಲೆಯ ವಾಲ್ವ್ ತೆಗೆದೆ. ಆದರೆ ಕಲ್ಲಿನ ಮೇಲೆ ಕೂರಲಿಲ್ಲ. ಗೇಟು ಹತ್ತಿ ಒಳಗೆ ಇಳಿದೆ, ಹೊರಗಿನ ಕಬ್ಬಿಣದ ಏಣಿಯಲ್ಲಿ ಮಾಳಿಗೆಗೆ ಹೋಗಿ ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ತೆಗೆದೆ. ತಳದಲ್ಲಿ ಒಣಗಿದ ಪಾಚಿ, ಎರಡು ಸತ್ತ ಜಿರಳೆ. ನೀರು ಬಂದು ಬೀಳುವ ಪೈಪಿನ ಬಾಯಿಗೆ ಬೆರಳಿಟ್ಟೆ. ಬರೀ ಧೂಳು. ಕೆಳಗೆ ವಾಲ್ವ್ ಪೂರ್ತಿ ತೆರೆದಿದೆ, ಮೇಲೆ ಒಂದು ಹನಿಯೂ ಇಲ್ಲ. ಮೇಡಂ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನು ಹೇಳಿದ್ದೂ ನಿಜವೇ ಆಗಿದ್ದರೆ, ನೀರು ಎಲ್ಲಿಗೆ ಹೋಗುತ್ತಿದೆ?

ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯಲು ನಾವು ಕೀಯನ್ನೇ ಬಳಸುತ್ತೇವೆ. ಅದರ ತುದಿಯನ್ನು ಪೈಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದರೆ ನೀರು ಓಡುವ ಸದ್ದು ಕಬ್ಬಿಣದೊಳಗಿಂದ ಕೇಳುತ್ತದೆ. ಗೋಡೆಯ ಮೇಲೆ ಟ್ಯಾಂಕಿಗೆ ಹೋಗುವ ಪೈಪಿಗೆ ಇಟ್ಟೆ. ಸದ್ದಿಲ್ಲ. ಗೇಟಿನ ಹತ್ತಿರದ ಪೈಪಿಗೆ ಇಟ್ಟೆ. ಭೋರೆಂದು ಓಡುತ್ತಿತ್ತು. ಅಲ್ಲಿಂದ ಒಂದು ಕವಲು ಅಂಗಳದ ಕಡೆ ಹೋಗಿತ್ತು. ಅದರ ಜಾಡು ಹಿಡಿದು ನಡೆದೆ. ಹದಿನೈದು ದಿನದಿಂದ ಮಳೆಯಿರಲಿಲ್ಲ, ಅಂಗಳವೆಲ್ಲ ಗಟ್ಟಿ. ತೆಂಗಿನ ಸಸಿಯ ಪಾತಿಗೆ ಕಾಲಿಟ್ಟ ತಕ್ಷಣ ನನ್ನ ಚಪ್ಪಲಿ ಹಿಮ್ಮಡಿಯವರೆಗೆ ಹೂತುಕೊಂಡಿತು.

ಬಗ್ಗಿ ತರಗೆಲೆ ಸರಿಸಿದೆ, ಕೈಯಲ್ಲೇ ಮಣ್ಣು ಕೆದಕಿದೆ. ಪೈಪಿನ ಬಾಯಿ ಸಿಕ್ಕಿತು. ಮುಚ್ಚಳವಿಲ್ಲದ ಬಾಯಿಯಿಂದ ನೀರು ಸುರಿದು ಪಾತಿಯೊಳಕ್ಕೆ ಇಂಗುತ್ತಿತ್ತು. ಆ ಪೈಪು ಅಲ್ಲಾಡದಂತೆ ಯಾರೋ ಅದನ್ನು ಒಂದು ಗೂಟಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿದ್ದರು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗಿನಿಂದ ಎಳೆದು ಹಾಕಿದ ಗಂಟು. ಊರಿನಲ್ಲಿ ಹಾಗೆ ಗಂಟು ಹಾಕುವವನು ಒಬ್ಬನೇ. ನಾನು.

ಎಲ್ಲವೂ ಒಮ್ಮೆಗೇ ನೆನಪಾಯಿತು. ಹೋದ ವರ್ಷದ ಬೇಸಿಗೆ ರಜೆ. ಮಕ್ಕಳು ನೆಟ್ಟಿದ್ದ ಮೂರು ಸಸಿಗಳು ನೀರು ಹಾಕುವವರಿಲ್ಲದೆ ಸುಟ್ಟುಹೋಗುತ್ತಿದ್ದವು. ಅದರಲ್ಲಿ ಒಂದನ್ನು ನನ್ನ ಮಗಳು ನೆಟ್ಟಿದ್ದಳು. ಶಾಲೆ ಮುಚ್ಚಿದೆ, ಟ್ಯಾಂಕು ತುಂಬಿಸಿ ಯಾರಿಗೆ ಉಪಯೋಗ, ಈ ಎರಡು ತಿಂಗಳ ನೀರು ಸಸಿಗಳಿಗಾದರೂ ಹೋಗಲಿ ಎಂದು ನಾನೇ ಕವಲು ಪೈಪಿನ ಮುಚ್ಚಳ ಬಿಚ್ಚಿ, ಪಾತಿಗೆ ತಿರುಗಿಸಿ, ಬಿಸಿಲಿಗೆ ಆರದಿರಲಿ ಎಂದು ಮಣ್ಣು, ತರಗು ಮುಚ್ಚಿದ್ದೆ. ಮೂರು ಪಾತಿಗೂ ಒಂದೇ ಕಾಲುವೆ ತೋಡಿದ್ದೆ. ಶಾಲೆ ಶುರುವಾಗುವ ಹೊತ್ತಿಗೆ ಮುಚ್ಚಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಊರಿನ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋಯಿತು. ಮೂರು ವಾರ ಟ್ಯಾಂಕರ್ ಹಿಂದೆ ಓಡಾಡಿ, ಬೈಸಿಕೊಂಡು, ಕೊನೆಗೆ ಮೋಟಾರು ರಿಪೇರಿಯಾಗಿ ಬರುವಾಗ ಆ ಮುಚ್ಚಳದ ವಿಷಯ ನನ್ನ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು.

ನೀರು ತಗ್ಗು ಸಿಕ್ಕಿದ ಕಡೆ ಹೋಗುತ್ತದೆ, ಮಾಳಿಗೆ ಹತ್ತುವುದಿಲ್ಲ. ಇದು ನನಗೆ ಯಾರಾದರೂ ಹೇಳಿಕೊಡಬೇಕಾದ ವಿಷಯವಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ ಹರಿದ ನೀರು ಮಕ್ಕಳು ಬರುವ ಹೊತ್ತಿಗೆ ಮಣ್ಣಿನಲ್ಲಿ ಇಂಗಿರುತ್ತಿತ್ತು. ಮಧ್ಯಾಹ್ನ ಬಂದ ಪ್ಲಂಬರಿಗೆ ಖಾಲಿ ಪೈಪು ಕಂಡಿತು. ಮೇಡಮ್ಮಿಗೆ ನಾನು ಸುಳ್ಳುಗಾರನಾಗಿ ಕಂಡೆ, ನನಗೆ ಆಕೆ ಸೋಮಾರಿಯಾಗಿ ಕಂಡರು. ಒಂದು ವರ್ಷದ ಮೇಲೆ ಇಷ್ಟು ತಿಂಗಳು ನಾನು ದಿನವೂ ತಪ್ಪದೆ ಶಾಲೆಗೆ ನೀರು ಬಿಟ್ಟು, ದಿನವೂ ತಪ್ಪದೆ ಶಾಲೆಯ ಮಕ್ಕಳಿಗೆ ನೀರಿಲ್ಲದಂತೆ ಮಾಡಿದ್ದೆ.

ಮನೆಗೆ ಓಡಿ ಒಂದು ಮುಚ್ಚಳ, ಟೇಪು ತಂದು ಆ ಬಾಯಿಯನ್ನು ಬಿಗಿಯಾಗಿ ಮುಚ್ಚಿದೆ. ಐದು ನಿಮಿಷಕ್ಕೆ ಮೇಲೆ ಟ್ಯಾಂಕಿನಲ್ಲಿ ನೀರು ಬೀಳುವ ಸದ್ದು ಕೇಳಿತು. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗೆ ಬಂದ ಮೊದಲ ಯೋಚನೆ, ಸದ್ಯ ಯಾರೂ ನೋಡಲಿಲ್ಲ ಎಂಬುದು. ಪಾತಿಗೆ ಮತ್ತೆ ಮಣ್ಣು ಎಳೆದು, ಸೈಕಲ್ ಟ್ಯೂಬನ್ನು ಜೇಬಿಗೆ ಹಾಕಿಕೊಂಡೆ. ಟ್ಯಾಂಕು ತೊಳೆದು, ಆ ಕೊಳೆ ನೀರು ಹೊರಗೆ ಬಿಟ್ಟು ಮತ್ತೆ ತುಂಬಿಸಿದೆ.

ಒಂಬತ್ತೂವರೆಗೆ ಹೆಡ್ ಮೇಡಂ ಕೋಣೆಯ ಬಾಗಿಲಲ್ಲಿ ನಿಂತು, ಆಕಾಶವನ್ನಲ್ಲದಿದ್ದರೂ ಗೋಡೆಯ ಗಡಿಯಾರವನ್ನು ನೋಡುತ್ತಾ ಹೇಳಿದೆ.

"ಟ್ಯಾಂಕ್ ತುಂಬೈತೆ ಮೇಡಂ. ಟಾಯ್ಲೆಟ್ ಬೀಗ ತೆಗೀಬಹುದು."

ಆಕೆ ಹೊರಗೆ ಹೋಗಿ ನಲ್ಲಿ ತಿರುಗಿಸಿ ನೋಡಿ ಬಂದರು. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

"ಇವತ್ತು ಬಂತು. ನಾಳಿದ್ದು ನಿಲ್ಲುತ್ತೆ. ನೀರಿಲ್ಲದೆ ಅಷ್ಟು ಮಕ್ಕಳು ಉಪಯೋಗಿಸಿದ್ರೆ ಏನಾಗುತ್ತೆ ಅಂತ ನಾನು ಒಂದ್ಸಲ ನೋಡಿದೀನಿ. ಹುಳ ಬಿದ್ದು, ವಾಸನೆಗೆ ಪಕ್ಕದ ಕ್ಲಾಸಲ್ಲಿ ಪಾಠ ಮಾಡೋಕಾಗ್ಲಿಲ್ಲ. ಅದಕ್ಕೇ ಬೀಗ ಹಾಕಿದ್ದು. ಇಷ್ಟು ದಿನ ಯಾಕೆ ಬರ್ತಿರ್ಲಿಲ್ಲ, ಈಗ ಹೆಂಗ್ ಬಂತು, ಅದನ್ನ ಹೇಳಿ. ಮತ್ತೆ ನಿಲ್ಲಲ್ಲ ಅಂತ ನನಗೆ ನಂಬಿಕೆ ಬಂದ್ರೆ ತೆಗೀತೀನಿ."

"ಲೈನಲ್ಲಿ ಏನೋ ಸಿಕ್ಕಾಕ್ಕೊಂಡಿತ್ತು" ಎಂದೆ.

"ಏನು?"

ನಾನು ಮತ್ತೆ ಗಡಿಯಾರ ನೋಡಿದೆ. ಆಕೆ ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಗೆ ಹೋದರು. ಬೀಗ ಹಾಗೇ ಉಳಿಯಿತು.

ಎರಡು ದಿನ ಹೀಗೆ ಕಳೆಯಿತು. ಅವತ್ತು ಗುರುವಾರ. ಸೋಮವಾರ ನನ್ನ ಹೆಂಡತಿ ಟಿ.ಸಿ.ಗೆ ಹೋಗುವವಳಿದ್ದಳು. ಜ್ವರ ಬಿಟ್ಟ ಮಗಳು ಶಾಲೆಗೆ ಹೋಗಿ ಬರುತ್ತಿದ್ದಳು. ಮೊದಲಿನಂತೆಯೇ ನೀರು ಮುಟ್ಟುತ್ತಿರಲಿಲ್ಲ ಎಂದು ಅವಳ ಒಣಗಿದ ತುಟಿ ನೋಡಿದರೇ ತಿಳಿಯುತ್ತಿತ್ತು. ಸಂಜೆ ಅವಳು ಹೋಮ್‌ವರ್ಕ್ ಬರೆಯುತ್ತಾ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ಸೈಕಲ್ ಟ್ಯೂಬಿನ ಪಟ್ಟಿ ತೆಗೆದು ಅವಳ ಮುಂದಿಟ್ಟು, ಬೇಸಿಗೆಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದ ನನ್ನ ಹೆಂಡತಿಗೂ ಕೇಳಲಿ ಎಂದೇ ಜೋರಾಗಿ ಹೇಳಿದೆ.

ಮಗಳು ಪೆನ್ಸಿಲ್ ಕೆಳಗಿಟ್ಟಳು. ಸಿಟ್ಟು ಮಾಡಿಕೊಳ್ಳುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ.

"ಹಂಗಾದ್ರೆ ನೀನು ದಿನಾ ಬಿಡ್ತಿದ್ದೆ ತಾನೇ?"

"ಬಿಡ್ತಿದ್ದೆ ಮಗಾ."

"ಒಂದಿನಾನೂ ತಪ್ಪಿಸ್ತಿರ್ಲಿಲ್ಲ ತಾನೇ?"

"ಇಲ್ಲ."

"ನಾನು ಅವ್ರಿಗೆ ಅದನ್ನೇ ಹೇಳ್ತಿದ್ದಿದ್ದು" ಎಂದು ಅವಳು ಮತ್ತೆ ಪೆನ್ಸಿಲ್ ಎತ್ತಿಕೊಂಡಳು. ಮುಖವೆಲ್ಲ ಅರಳಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಅವತ್ತು ಹೆಂಡತಿ ನನ್ನ ತಟ್ಟೆಗೆ ಹಾಕಿದ ಮುದ್ದೆ ಗುಂಡಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಡಂ ಬಸ್ಸಿಳಿಯುವುದನ್ನೇ ಕಾದು ನಿಂತಿದ್ದೆ. ಸೀದಾ ತೆಂಗಿನ ಪಾತಿಯ ಹತ್ತಿರ ಕರೆದುಕೊಂಡು ಹೋಗಿ, ಮಣ್ಣು ಸರಿಸಿ, ಹೊಸ ಮುಚ್ಚಳ ತೋರಿಸಿ, ಇದನ್ನು ಬಿಚ್ಚಿದವನು ನಾನೇ ಎಂದು ಹೇಳಿದೆ. ಮಗಳ ಆಸ್ಪತ್ರೆಯ ವಿಷಯವನ್ನೂ ಹೇಳಿ, ಗ್ರಾಮಸಭೆಯಲ್ಲಿ ಆಡಿದ ಮಾತಿಗೆ ಕ್ಷಮಿಸಿ ಎಂದೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡೇ ಆಕೆ ಅದನ್ನು ಬಗ್ಗಿ ನೋಡಿದರು. ಮೊದಲು ಬೈದರು. ಚೆನ್ನಾಗಿಯೇ ಬೈದರು, ಮೇಲಿನ ಬೀದಿಯವರಿಗೆ ಏನೂ ಕಡಿಮೆಯಿಲ್ಲದಂತೆ. ಆಮೇಲೆ ಇದ್ದಕ್ಕಿದ್ದಂತೆ ಅಲ್ಲೇ ಕಟ್ಟೆಯ ಮೇಲೆ ಕೂತು ನಗಲು ಶುರು ಮಾಡಿದರು.

"ನಾನು ನಿಮ್ಮ ಮೇಲೆ ಎಷ್ಟು ಶಾಪ ಹಾಕಿದೀನಿ ಗೊತ್ತಾ? ಬೆಳಿಗ್ಗೆ ಎಂಟಕ್ಕೆ ಮನೇಲಿ ನೀರು ಕುಡಿದ್ರೆ ಮತ್ತೆ ಸಾಯಂಕಾಲ ಆರಕ್ಕೆ. ಟೀಚರ್‌ಗಳೂ ಮನುಷ್ಯರೇ ಅಲ್ವಾ? ನನಗೂ ಎರಡು ಸಲ ನಿಮ್ಮ ಮಗಳಿಗೆ ಆಗಿದ್ದೇ ಆಗಿದೆ."

ಹೀಗೊಂದು ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ನೆಲ ನೋಡಿದೆ.

ಆಕೆ ಒಂದು ಷರತ್ತು ಹಾಕಿದರು. ಇನ್ನು ಮೇಲೆ ಶಾಲೆಗೆ ಬೆಳಿಗ್ಗೆ ಆರಕ್ಕೆ ನೀರು ಬಿಡಬಾರದು. ಹತ್ತು ಗಂಟೆಗೆ, ಶಾಲೆಯಲ್ಲಿ ಜನ ಇರುವಾಗ ಬಿಡಬೇಕು. ಬಂದರೆ ಬಂತು ಎನ್ನಲು, ಬರದಿದ್ದರೆ ಬೈಯಲು ಯಾರಾದರೂ ಇರಬೇಕು. ಬಿಸಿಯೂಟದ ಅಡುಗೆಯಾಕೆಗೆ ಆ ಕೆಲಸ ಒಪ್ಪಿಸುತ್ತೇನೆ, ಆಕೆಯ ಗಂಟಲು ಅರ್ಧ ಊರಿಗೆ ಕೇಳುತ್ತದೆ ಎಂದರು. ಹತ್ತು ಗಂಟೆ ಮೇಲಿನ ಬೀದಿಯ ಸರದಿ. ಅದನ್ನು ಹಿಂದಕ್ಕೆ ತಳ್ಳಿದರೆ ನನ್ನ ಗತಿ ಏನೆಂದು ನನಗೆ ಗೊತ್ತಿತ್ತು. ಆದರೂ ಒಪ್ಪಿಕೊಂಡೆ.

ಭಾನುವಾರ ಟಾಯ್ಲೆಟ್ಟು ತೊಳೆದವರು ನಾವಿಬ್ಬರು. ಮೇಡಂ ರಜೆಯ ದಿನವೂ ಬಸ್ಸು ಹಿಡಿದು, ಆ್ಯಸಿಡ್ ಬಾಟಲಿ, ಬ್ರಶ್ಶು, ರಬ್ಬರ್ ಕೈಗವಸು ತಂದಿದ್ದರು. ಮಕ್ಕಳ ಕೈಯಲ್ಲಿ ಮಾಡಿಸುವ ಹಾಗಿಲ್ಲ, ಮಾಡಿಸಲೂಬಾರದು ಎಂದರು. ನಾನು ಹುಟ್ಟಿದಾಗಿನಿಂದ ಹೊಲ ಉತ್ತಿದ್ದೇನೆ, ಸಗಣಿ ಬಾಚಿದ್ದೇನೆ, ಟಾಯ್ಲೆಟ್ಟಿನ ಬ್ರಶ್ಶು ಮಾತ್ರ ಹಿಡಿದವನಲ್ಲ. ನಮ್ಮ ಮನೆಗಳಲ್ಲಿ ಅದು ಇನ್ನೊಬ್ಬರ ಕೆಲಸ ಎಂದೇ ಬೆಳೆದವರು ನಾವು. ಮೊದಲ ಬಕೆಟ್ ಸುರಿದವನೇ ಹೊರಗೆ ಬಂದು ಗಾಳಿ ತೆಗೆದುಕೊಂಡೆ. ಒಳಗೆ ಮೇಡಂ ಸೀರೆ ಎತ್ತಿ ಕಟ್ಟಿ ಉಜ್ಜುತ್ತಿರುವ ಸದ್ದು ಕೇಳುತ್ತಿತ್ತು. ಮತ್ತೆ ಒಳಗೆ ಹೋದೆ. ರಸ್ತೆಯಲ್ಲಿ ಹೋಗುತ್ತಿದ್ದ ನನ್ನ ಜೊತೆಯವನೊಬ್ಬ ಕಾಂಪೌಂಡಿನ ಮೇಲಿಂದ ಇಣುಕಿ ಕೂಗಿದ.

"ಏನ್ ಗುರು, ಪ್ರಮೋಷನ್ನಾ?"

"ಹೂಂ ಕಣೋ, ಬಾ, ನಿಂಗೂ ಒಂದ್ ಬ್ರಶ್ಶೈತೆ" ಎಂದೆ. ಅವನು ಬೈಕಿನ ವೇಗ ಹೆಚ್ಚಿಸಿದ.

ಮಧ್ಯಾಹ್ನದ ಹೊತ್ತಿಗೆ ಟೈಲ್ಸಿನ ನಿಜವಾದ ಬಣ್ಣ ಕಂಡಿತು. ತಿಳಿನೀಲಿ. ತುಕ್ಕು ಹಿಡಿದ ಚಿಲಕಗಳನ್ನು ಕಿತ್ತು ಹೊಸದು ಹಾಕಿದೆ, ಎರಡೂ ಕೋಣೆಗೆ ಬಕೆಟ್ಟು, ಮಗ್ಗು ಇಟ್ಟೆ.

ಸೋಮವಾರ ಹತ್ತು ಗಂಟೆಗೆ ನಾನು ಶಾಲೆಯ ವಾಲ್ವ್ ತೆಗೆಯುತ್ತಿರುವಾಗಲೇ ನನ್ನ ಹೆಂಡತಿ ಒಳ್ಳೆಯ ಸೀರೆ ಉಟ್ಟು, ಮಗಳ ಆಧಾರ್ ಕಾರ್ಡು ಇಟ್ಟಿದ್ದ ಪ್ಲಾಸ್ಟಿಕ್ ಕವರ್ ಹಿಡಿದು ಬಂದಳು. ನಾಲ್ಕು ದಿನದಿಂದ ನನ್ನ ಜೊತೆ ಮಾತಿರಲಿಲ್ಲ. ಬರುವುದಿಲ್ಲವೇನೋ ಎಂಬ ಸಣ್ಣ ಆಸೆಯೂ ನನಗೆ ಹೋಯಿತು. ಅವಳು ಸೀದಾ ಹೆಡ್ ಮೇಡಂ ಕೋಣೆಗೆ ಹೋದಳು, ಹಿಂದೆಯೇ ನಾನೂ ಹೋದೆ.

"ಟಿ.ಸಿ. ಬೇಕಿತ್ತು ಮೇಡಂ."

ಮೇಡಂ ವಾದ ಮಾಡಲಿಲ್ಲ. ಡ್ರಾಯರಿನಿಂದ ಟಾಯ್ಲೆಟ್ಟಿನ ಕೀ ತೆಗೆದು ಮೇಜಿನ ಮೇಲಿಟ್ಟರು. "ಬರೆದು ಕೊಡ್ತೀನಮ್ಮ. ಅದಕ್ಕೆ ಮುಂಚೆ ಒಂದ್ಸಲ ಹೋಗಿ ನೋಡ್ಕೊಂಡ್ ಬನ್ನಿ. ಇನ್ನೂ ಯಾರೂ ಉಪಯೋಗಿಸಿಲ್ಲ."

ನನ್ನ ಹೆಂಡತಿ ಕೀ ತೆಗೆದುಕೊಂಡು ಹೋದಳು. ನಾನು ವರಾಂಡದ ಕಂಬಕ್ಕೆ ಒರಗಿ ನಿಂತೆ. ಬೀಗ ತೆಗೆದಳು, ಒಳಗೆ ಹೋದಳು, ಚಿಲಕ ಹಾಕಿಕೊಂಡಳು. ನಲ್ಲಿ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪಕ್ಕದ ಕೋಣೆಗೂ ಹೋದಳು. ಬಕೆಟ್ಟು ಎತ್ತಿ ಸುರಿದ ಸದ್ದು. ಅಷ್ಟು ಹೊತ್ತು ಏನು ಪರೀಕ್ಷೆ ಮಾಡುತ್ತಿದ್ದಳೋ ದೇವರೇ ಬಲ್ಲ. ಹೊರಗೆ ಬಂದಾಗ ಸೀರೆಯ ಅಂಚು ಒದ್ದೆಯಾಗಿತ್ತು. ನನ್ನ ಮುಖವನ್ನೂ ನೋಡದೆ ಮುಂದೆ ಹೋಗಿ ಮೇಡಂ ಮೇಜಿನ ಮೇಲೆ ಕೀ ಇಟ್ಟಳು.

"ಬೀಗ ಬೇಡ ಮೇಡಂ ಇನ್ಮೇಲೆ. ತೆಗ್ದೇ ಇರ್ಲಿ" ಎಂದಳು. "ಟಿ.ಸಿ.ನೂ ಬೇಡ. ನಮ್ಮಕ್ಕಂಗೆ ಫೋನ್ ಮಾಡಿ ಹೇಳ್ತೀನಿ."

ಆಮೇಲೆ ನನ್ನ ಕಡೆ ತಿರುಗಿ, ನಾಲ್ಕು ದಿನದ ನಂತರ ಮೊದಲ ಮಾತು ಆಡಿದಳು. "ಮೇಲಿನ ಬೀದಿಯೋರು ನಿಮ್ಮನ್ನ ಹುಡುಕ್ತಾವ್ರೆ. ಕೊಡ ಹಿಡ್ಕೊಂಡ್ ನಿಂತವ್ರೆ." ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯ ಕಡೆ ನಡೆದಳು.

ನಾನು ತಕ್ಷಣ ಹೋಗಲಿಲ್ಲ. ಹನ್ನೊಂದಕ್ಕೆ ಸಣ್ಣ ಬೆಲ್ಲು ಹೊಡೆಯುವುದಿತ್ತು. ಅದೊಂದನ್ನು ನೋಡಿಯೇ ಹೋಗೋಣ ಎಂದು ಟಾಯ್ಲೆಟ್ಟಿನ ಗೋಡೆಯ ಪಕ್ಕದಲ್ಲಿ, ಪೈಪು ನೋಡುವವನ ಹಾಗೆ ನಿಂತೆ. ಬೆಲ್ಲಾಯಿತು. ಹುಡುಗಿಯರು ಗುಂಪಾಗಿ ಓಡಿಬಂದವರು ಹತ್ತು ಹೆಜ್ಜೆ ದೂರದಲ್ಲೇ ತಟಕ್ಕನೆ ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಮುಂದೆ ಬರಲಿಲ್ಲ. ಇನ್ನೂ ಏನು ಕೊರತೆ ಉಳಿಯಿತು? ವಾಸನೆ ಬರುತ್ತಿದೆಯೇ? ನೀರು ನಿಂತುಹೋಯಿತೇ?

ಗುಂಪಿನಿಂದ ನನ್ನ ಮಗಳು ಹೊರಗೆ ಬಂದು, ನನ್ನ ಹತ್ತಿರ ನಿಂತು, ಹಲ್ಲು ಕಚ್ಚಿಕೊಂಡು ಮೆಲ್ಲಗೆ ಹೇಳಿದಳು.

"ಅಪ್ಪಾ, ನೀನ್ ಇಲ್ಲಿ ನಿಂತ್ಕೊಂಡಿದ್ರೆ ನಾವ್ ಹೆಂಗ್ ಹೋಗೋದು? ಹೋಗಪ್ಪಾ!"

ನಾನು ಹೊರಟೆ. ಗೇಟು ದಾಟುವಾಗ ಹಿಂದೆ ಬಾಗಿಲು ಹಾಕಿಕೊಂಡ ಸದ್ದು, ಹುಡುಗಿಯರ ನಗು, ಆಮೇಲೆ ನೀರು ಸುರಿದ ಸದ್ದು ಕೇಳಿತು. ನಾನು ತಿರುಗಿ ನೋಡಲಿಲ್ಲ.